ನಿಮಗಿದು ಗೊತ್ತೆ? ಜಪಾನಿನಲ್ಲಿ ಸಣ್ಣ ಬಿಯರ್ ತಯಾರಕರಿಗೆ ದಾರಿ
ಜಪಾನಿನಲ್ಲಿ 1994ರವರೆಗೂ ಬಿಯರ್ ತಯಾರಿಕೆಗೆ ಪರವಾನಗಿ ಬೇಕೆಂದರೆ ವರ್ಷಕ್ಕೆ ಕನಿಷ್ಠ 20 ಲಕ್ಷ ಲೀಟರ್ ತಯಾರಿಸಬೇಕಿತ್ತು! ಹಾಗಾಗಿ ಅಸಾಹಿ, ಕಿರಿನ್, ಸಪ್ಪೊರೊ, ಸಂಟೋರಿಯಂಥ ದೊಡ್ಡ ಕಂಪನಿಗಳದೇ ದರ್ಬಾರು. ಸಿಗುತ್ತಿದ್ದುದು ಬಹುಪಾಲು ಹೊಂಬಣ್ಣದ ಲಾಗರ್ ಬಗೆಯ ಬಿಯರ್. ಆ ವರ್ಷ ಸರ್ಕಾರ ಮಿತಿಯನ್ನು 60 ಸಾವಿರ ಲೀಟರಿಗೆ ಇಳಿಸಿತು. ಸಣ್ಣವರಿಗೆ ದಾರಿ ತೆರೆಯಿತು. ಮರುವರ್ಷವೇ ನೀಗಾತಾದಲ್ಲಿ ಎಚಿಗೊ ಬಿಯರ್ ಎಂಬ ಸಣ್ಣ ಘಟಕ ಶುರುವಾಯಿತು.

ಇನ್ನೂ ಸೊಗಸಾದ ಸಂಗತಿಯೆಂದರೆ, ಅಕ್ಕಿಯಿಂದ ಸಾಕೆ ಎಂಬ ಮದ್ಯ ಮಾಡುತ್ತಿದ್ದ ಹಳೆಯ ಮನೆತನಗಳೂ ಬಿಯರ್ ತಯಾರಿಕೆಗಿಳಿದವು. 1823ರಿಂದ ಸಾಕೆ ತಯಾರಿಸುತ್ತಿರುವ ಇಬರಾಕಿಯ ಕಿಉಚಿ ಸಂಸ್ಥೆ 1996ರಲ್ಲಿ ‘ಹಿಟಾಚಿನೊ ನೆಸ್ಟ್’ ಬಿಯರ್ ಹೊರತಂದಿತು. ಬಿಯರ್ ಬಗೆಗಳಲ್ಲಿ ಲಾಗರ್ ತಂಪಿನಲ್ಲಿ ನಿಧಾನವಾಗಿ ಹುದುಗುತ್ತದೆ. ಏಲ್ ಎಂಬ ಇನ್ನೊಂದು ಬಗೆ ತುಸು ಬೆಚ್ಚಗಿದ್ದಾಗ ಬೇಗ ಹುದುಗಿ ಹಣ್ಣಿನ ಪರಿಮಳ ಪಡೆಯುತ್ತದೆ. ಕಿಉಚಿಯವರು ಕೆಂಪಕ್ಕಿ ಬೆರೆಸಿದ ಏಲ್ ಕೂಡ ಮಾಡುತ್ತಾರೆ.