ಜಮೀನಿಗೆ ಸರ್ಕಾರ ಕಟ್ಟಿದ ಬೆಲೆ ಕಮ್ಮಿ ಅನ್ನಿಸಿದರೆ

ಕಾಲುವೆಗೋ ಕೆರೆಗೋ ಜಮೀನು ಹೋದಾಗ ಐತೀರ್ಪಿನಲ್ಲಿ ಬರೆದ ಮೊತ್ತವೇ ಕೊನೆ ಅಂತ ಬಹಳ ಜನ ಅಂದ್ಕೊಂಡಿದ್ದಾರೆ. ಹಾಗೇನಿಲ್ಲ. 2013ರ ಭೂಸ್ವಾಧೀನ ಕಾಯ್ದೆಯಲ್ಲೇ ಅದನ್ನು ಪ್ರಶ್ನಿಸೋಕೆ ದಾರಿ ಇದೆ. ನಮ್ಮ ದೊಡ್ಡಪ್ಪನ ಎರಡೆಕರೆ ಹೋದಾಗ ಕಾಗದಪತ್ರ ಹಿಡ್ಕೊಂಡು ಓಡಾಡಿದವನು ನಾನೇ. ಜನ ಎಲ್ಲಿ ಎಡವುತ್ತಾರೆ ಅಂತ ಆಗ ನೋಡಿದ್ದೀನಿ.

ಹೆಚ್ಚಿನವರು ಎಡವೋದು ಹಣ ತಗೊಳ್ಳುವಾಗ. ಹಣ ಬೇಡ ಅಂತ ಹಟ ಹಿಡಿಯಬೇಕಿಲ್ಲ, ತಗೊಳ್ಳಿ. ಆದರೆ 'ಮೊತ್ತ ಸಾಲದು, ತಕರಾರು ಕಾಯ್ದಿರಿಸಿ ಪಡೆದಿದ್ದೇನೆ' ಅಂತ ಬರೆದೇ ಸಹಿ ಹಾಕಿ, ಫೋಟೊ ಇಟ್ಕೊಳ್ಳಿ. ನೇರ ಖಾತೆಗೆ ಬರೋದಾದರೆ ಮೊದಲೇ ಇದನ್ನು ಬರೆದುಕೊಟ್ಟು ಸ್ವೀಕೃತಿ ಪಡೆಯಿರಿ. ಈ ಸಾಲಿಲ್ಲದೆ ಹಣ ಪಡೆದವರಿಗೆ ಆಮೇಲೆ ಅರ್ಜಿ ಹಾಕುವ ಹಕ್ಕೇ ಇಲ್ಲ.

ಐತೀರ್ಪಿನ ದಿನ ನೀವು ಹಾಜರಿದ್ದರೆ ಅವತ್ತಿನಿಂದ ಆರು ವಾರದೊಳಗೆ ಅರ್ಜಿ ಕೊಡಬೇಕು. ಹಾಜರಿಲ್ಲದವರಿಗೆ ಲೆಕ್ಕ ಸ್ವಲ್ಪ ಬೇರೆ, ಆದರೂ ಆರು ವಾರ ಅಂತಲೇ ಇಟ್ಕೊಂಡು ಓಡಾಡಿ. ಅರ್ಜಿ ಹೋಗೋದು ನೇರ ಕೋರ್ಟಿಗಲ್ಲ, ಭೂಸ್ವಾಧೀನಾಧಿಕಾರಿಗೆ. ಅವರು 30 ದಿನದಲ್ಲಿ ಅದನ್ನು ಪ್ರಾಧಿಕಾರಕ್ಕೆ ಕಳಿಸಬೇಕು. ಅಲ್ಲೂ ಸಮಾಧಾನ ಆಗದಿದ್ದರೆ 60 ದಿನದೊಳಗೆ ಹೈಕೋರ್ಟಿಗೆ ಮೇಲ್ಮನವಿ.

ಇನ್ನು ಸಾಕ್ಷ್ಯ. 'ನಮ್ಮೂರಲ್ಲಿ ಎಕರೆಗೆ ಇಷ್ಟಿದೆ' ಅಂದರೆ ಯಾರೂ ಕೇಳಲ್ಲ. ಮಾರ್ಗಸೂಚಿ ದರ ಒಂದು ಲೆಕ್ಕ. ಹಿಂದಿನ ಮೂರು ವರ್ಷದಲ್ಲಿ ಅಕ್ಕಪಕ್ಕದ ಅಂಥದೇ ಜಮೀನುಗಳ ಕ್ರಯಪತ್ರ ಇನ್ನೊಂದು ಲೆಕ್ಕ. ಆರು ಕ್ರಯಪತ್ರ ಸಿಕ್ಕರೆ ಹೆಚ್ಚು ಬೆಲೆಯ ಮೂರರ ಸರಾಸರಿ ತೆಗೀಬೇಕು. ಎರಡರಲ್ಲಿ ಯಾವುದು ಜಾಸ್ತಿಯೋ ಅದೇ ಮಾರುಕಟ್ಟೆ ಬೆಲೆ. ಹಳ್ಳಿ ಜಮೀನಿಗೆ ಅದನ್ನು ಒಂದರಿಂದ ಎರಡರವರೆಗಿನ ಅಂಕಿಯಿಂದ ಗುಣಿಸಿ, ಮರ, ಬೋರ್‌ವೆಲ್ ಬೆಲೆ ಸೇರಿಸಿ, ಒಟ್ಟಿನ ಮೇಲೆ ಅಷ್ಟೇ ಮೊತ್ತದ ಸೊಲೇಷಿಯಂ ಕೊಡ್ತಾರೆ. ಅಂದರೆ ಮೂಲ ಬೆಲೆಯಲ್ಲಿ ಎಕರೆಗೆ ಒಂದು ಲಕ್ಷ ತಪ್ಪಿದರೆ ನಿಮ್ಮ ಕೈತಪ್ಪೋದು ಎರಡರಿಂದ ನಾಲ್ಕು ಲಕ್ಷ.

ಹಾಗಾಗಿ ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ಕ್ರಯಪತ್ರಗಳ ದೃಢೀಕೃತ ನಕಲು ತೆಗೆಸಿ. ಮುದ್ರಾಂಕ ಶುಲ್ಕ ಉಳಿಸೋಕೆ ಕಮ್ಮಿ ಬೆಲೆ ಬರೆಸೋ ಚಾಳಿ ನಮ್ಮ ಕಡೆ ಇದೆಯಲ್ಲ, ಅದರ ಏಟು ಬೀಳೋದು ಇಲ್ಲೇ: ಯಾರೋ ಉಳಿಸಿದ ದುಡ್ಡಿಗೆ ಇಡೀ ಊರು ದಂಡ ಕಟ್ಟುತ್ತೆ. ಪಹಣಿಯಲ್ಲಿ ಖುಷ್ಕಿ ಅಂತಿದ್ದು ಹೊಲದಲ್ಲಿ ಅಡಿಕೆ ಇದ್ದರೆ ಬೆಳೆ ಸಮೀಕ್ಷೆ ದಾಖಲೆ, ಪಂಪ್‌ಸೆಟ್ ಆರ್.ಆರ್. ನಂಬರ್, ಸ್ಥಳ ಮತ್ತು ದಿನಾಂಕ ಬೀಳುವ ಫೋಟೊ ಬೇಕು. ತೋಟ ಕಡಿದ ಮೇಲೆ ಫೋಟೊ ಎಲ್ಲಿಂದ ತರ್ತೀರಿ?

ರಾಷ್ಟ್ರೀಯ ಹೆದ್ದಾರಿಗೆ ಹೋದ ಜಮೀನಾದರೆ ಅರ್ಜಿ ಮಧ್ಯಸ್ಥಗಾರರ ಮುಂದೆ. ಕೆಐಎಡಿಬಿ ಸ್ವಾಧೀನಕ್ಕೆ ಬೇರೆ ಕಾಯ್ದೆ. ವಕೀಲರ ಹತ್ರ ಮೊದಲು ಕೇಳಬೇಕಾದ್ದೇ 'ಯಾವ ಕಾಯ್ದೆ' ಅಂತ.

ಅರ್ಜಿ ಹಾಕದೇ ಸುಮ್ಮನಿದ್ದವರಿಗೂ ಒಂದು ಕಿಂಡಿ ಇದೆ. ಅದೇ ಅಧಿಸೂಚನೆಯಲ್ಲಿ ಜಮೀನು ಕಳ್ಕೊಂಡ ಪಕ್ಕದವರಿಗೆ ಪ್ರಾಧಿಕಾರ ಹೆಚ್ಚು ಪರಿಹಾರ ಕೊಟ್ಟರೆ, ಆ ತೀರ್ಪಿನಿಂದ ಮೂರು ತಿಂಗಳೊಳಗೆ ನಮಗೂ ಅಷ್ಟೇ ಕೊಡಿ ಅಂತ ಲಿಖಿತವಾಗಿ ಕೇಳಬಹುದು.