‘ವೈಲ್ಡ್‌ವುಡ್ ಫ್ಲವರ್’: ಒಂದು ಪ್ರೇಮಗೀತೆಯ ಜನಪ್ರಿಯತೆಯ ಇತಿಹಾಸ

ಹಾಡೊಂದು ಬಹುಜನರ ನಾಲಗೆಯ ಮೇಲೆ ನೆಲಸಿದೊಡನೆ ಅದನ್ನು ‘ಜನತೆಯ ಸೃಷ್ಟಿ’ ಎಂದು ಕರೆದು, ಅದರ ಕರ್ತೃವನ್ನು ಅರಸುವ ಶ್ರಮದಿಂದ ಬಿಡುಗಡೆ ಹೊಂದುವುದು ವಾಡಿಕೆಯಾಗಿದೆ. ಇತಿಹಾಸದೃಷ್ಟಿಯಿಂದ ಈ ವಾಡಿಕೆ ಎಷ್ಟರಮಟ್ಟಿಗೆ ಸಾಧುವೆಂಬುದನ್ನು ಅಮೆರಿಕಾ ಸಂಯುಕ್ತ ಸಂಸ್ಥಾನದ ಒಂದು ಹಳ್ಳಿಗಾಡಿನ ಪ್ರೇಮಗೀತೆಯ ಮೂಲಕ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ. ಆ ಗೀತೆಯ ಹೆಸರು ‘ವೈಲ್ಡ್‌ವುಡ್ ಫ್ಲವರ್’, ಎಂದರೆ ಕಾಡಿನ ಹೂ. ಪ್ರಿಯನಿಂದ ಪರಿತ್ಯಕ್ತಳಾದ ತರುಣಿಯೊಬ್ಬಳು ಮುಡಿಗೆ ಹೂ ಮುಡಿದು, ನೋವನ್ನು ನಗೆಯಲ್ಲಿ ಮರೆಸಿ, ಅವನು ಪರಿತಪಿಸುವ ದಿನವನ್ನು ಕಾಣುವೆನೆಂದು ಹೇಳಿಕೊಳ್ಳುವುದೇ ಇದರ ವಸ್ತು. ಕಾರ್ಟರ್ ಕುಟುಂಬದವರು 1928ರ ಮೇ ತಿಂಗಳಲ್ಲಿ ನ್ಯೂಜೆರ್ಸಿಯ ಕ್ಯಾಮ್ಡೆನ್ ನಗರದಲ್ಲಿ ವಿಕ್ಟರ್ ಕಂಪೆನಿಯ ಗ್ರಾಮೋಫೋನ್ ತಟ್ಟೆಗಾಗಿ ಇದನ್ನು ಹಾಡಿದರು.

ಗುಡ್ಡಗಾಡಿನವರ ಬಾಯಿಂದ ಬಂದುದರಿಂದ ಇದು ಗುಡ್ಡಗಾಡಿನಲ್ಲಿಯೇ ಹುಟ್ಟಿತೆಂದು ಊಹಿಸುವುದು ಸುಲಭ. ವಾಸ್ತವವಾಗಿ ಇದರ ಮೂಲವು 1860ರಲ್ಲಿ ಅಚ್ಚಾದ ಗೀತೆ. ಅದಕ್ಕೆ ಸ್ವರ ಹೊಂದಿಸಿದವರು ಜೋಸೆಫ್ ಫಿಲ್‌ಬ್ರಿಕ್ ವೆಬ್‌ಸ್ಟರ್. ಸಾಹಿತ್ಯವು ಮಾಡ್ ಇರ್ವಿಂಗ್ ಎಂಬ ಹೆಸರಿನಲ್ಲಿದೆ. ಮನೆಯ ಪಡಸಾಲೆಯಲ್ಲಿ ಪಿಯಾನೋ ನುಡಿಸಿಕೊಂಡು ಹಾಡಲೆಂದು ಮಾರಾಟವಾಗುತ್ತಿದ್ದ ಗೀತೆಗಳ ಜಾತಿಗೆ ಇದು ಸೇರಿದುದು. ಕಾಗದದಿಂದ ಕಂಠಕ್ಕೂ, ಹಿರಿಯರಿಂದ ಕಿರಿಯರಿಗೂ ಹರಿದುಬಂದ ಸುಮಾರು ಎಪ್ಪತ್ತು ವರ್ಷಗಳಲ್ಲಿ ಮೂಲದ ಪದಗಳು ಸವೆದುವು. ಕೆಲವು ಹೂಗಳ ಹೆಸರುಗಳು ಅರ್ಥವಿಲ್ಲದ ಶಬ್ದಗಳಾಗಿ ಮಾರ್ಪಟ್ಟುವು. ಆದರೆ ಮಾತು ಕೆಟ್ಟರೂ ಭಾವ ಕೆಡಲಿಲ್ಲ. ತಟ್ಟೆಯ ಪ್ರಚಾರದಿಂದ ಆ ಸವೆದ ಪಾಠವೇ ಮುಂದಿನವರಿಗೆ ಪ್ರಮಾಣಪಾಠವಾಯಿತು.

ಇದರ ಜನಪ್ರಿಯತೆಗೆ ಕಾರಣಗಳು ಹಲವು. ಮೊದಲನೆಯದು ವ್ಯಾಪಾರ. 1927ರ ಬೇಸಗೆಯಲ್ಲಿ ವಿಕ್ಟರ್ ಕಂಪೆನಿಯ ಪರವಾಗಿ ರಾಲ್ಫ್ ಪೀರ್ ಎಂಬವರು ಟೆನೆಸ್ಸೀ-ವರ್ಜೀನಿಯಾ ಗಡಿಯ ಬ್ರಿಸ್ಟಲ್ ಪಟ್ಟಣಕ್ಕೆ ಬಂದು, ಹಾಡಿಗೆ 50 ಡಾಲರಿನಂತೆ ಕೊಟ್ಟು ಧ್ವನಿಮುದ್ರಣ ನಡೆಸಿದರು. ಎ. ಪಿ. ಕಾರ್ಟರ್, ಅವರ ಪತ್ನಿ ಸಾರಾ, ತಮ್ಮನ ಹೆಂಡತಿ ಮೇಬೆಲ್, ಈ ಮೂವರು ಬೆಳಕಿಗೆ ಬಂದುದು ಅಲ್ಲಿಯೇ. ಎರಡನೆಯದು ಯಂತ್ರ. 1925ರಿಂದ ವಿದ್ಯುನ್ಮುದ್ರಣ ಬಳಕೆಗೆ ಬಂದಿದ್ದುದರಿಂದ, ಗಂಟಲೆತ್ತಿ ಕೂಗದ ಸಹಜಕಂಠವೂ ಮೆಲುದನಿಯ ಗಿಟಾರೂ ಸ್ಪಷ್ಟವಾಗಿ ತಟ್ಟೆಯ ಮೇಲೆ ಮೂಡಿದುವು. ಮೂರನೆಯದು ರೇಡಿಯೋ. 1938ರಿಂದ ಈ ಕುಟುಂಬವು ಮೆಕ್ಸಿಕೋ ಗಡಿಯ ಪ್ರಬಲ ನಿಲಯವೊಂದರಲ್ಲಿ ಹಾಡತೊಡಗಿತು. ಅಮೆರಿಕದ ನಿಲಯಗಳಿಗೆ 50 ಕಿಲೋವಾಟ್ ಮಿತಿಯಿದ್ದಾಗ, ಗಡಿಯಾಚೆಯ ಈ ನಿಲಯವು ಅದನ್ನು ಬಹುವಾಗಿ ಮೀರಿದ ಶಕ್ತಿಯಿಂದ, ಔಷಧಿಗಳ ಜಾಹೀರಾತಿನೊಡನೆ, ಹಾಡುಗಳನ್ನು ದೂರದೂರಕ್ಕೆ ಮುಟ್ಟಿಸಿತು.

ಇವೆಲ್ಲವೂ ಹೊರಗಿನ ಕಾರಣಗಳು. ಒಳಗಿನ ಕಾರಣವು ಮೇಬೆಲ್ ಅವರ ಬೆರಳುಗಳಲ್ಲಿತ್ತು. ಹೆಬ್ಬೆರಳಿನಿಂದ ಗಿಟಾರಿನ ಮಂದ್ರ ತಂತಿಗಳ ಮೇಲೆ ರಾಗವನ್ನು ನುಡಿಸುತ್ತ, ತೋರುಬೆರಳಿನಿಂದ ಮೇಲಿನ ತಂತಿಗಳನ್ನು ಸವರಿ ಲಯವನ್ನು ಹಿಡಿಯುವ ಅವರ ಕ್ರಮದಿಂದ ಒಂದೇ ವಾದ್ಯವು ಎರಡರ ಕೆಲಸ ಮಾಡಿತು. ಪಿಯಾನೋ ಇಲ್ಲದ ಬಡವನ ಮನೆಯಲ್ಲಿಯೂ ಹಾಡು ಪೂರ್ಣವಾಗಿ ಮೊಳಗಬಹುದಾಯಿತು. ಗಿಟಾರ್ ಕಲಿಯುವವರಿಗೆ ಇದು ಆರಂಭದ ಪಾಠಗಳಲ್ಲೊಂದಾದುದು ಆಶ್ಚರ್ಯವಲ್ಲ.

ಹೀಗೆ ಹಾಡು ಬೆಳೆದಂತೆ ಹೆಸರುಗಳು ಉದುರಿದುವು. ಕೇಳುಗರಲ್ಲಿ ವೆಬ್‌ಸ್ಟರರನ್ನಾಗಲಿ ಇರ್ವಿಂಗರನ್ನಾಗಲಿ ನೆನೆಯುವವರು ವಿರಳ. ಇತ್ತ, ಪೀರ್ ಏರ್ಪಡಿಸಿದ ಹಕ್ಕುಸ್ವಾಮ್ಯದ ವ್ಯವಸ್ಥೆಯಲ್ಲಿ ಅನೇಕ ಹಳೆಯ ಹಾಡುಗಳು ಎ. ಪಿ. ಕಾರ್ಟರರ ಹೆಸರಿನಲ್ಲಿ ನೋಂದಣಿಯಾದುವು. ಹಾಡುಗಳನ್ನು ಸಂಗ್ರಹಿಸಲು ಅವರೊಡನೆ ಊರೂರು ಅಲೆದು, ಅವರು ಪದಗಳನ್ನು ಬರೆದುಕೊಳ್ಳುವಾಗ ಧಾಟಿಗಳನ್ನು ನೆನಪಿನಲ್ಲಿ ಹೊತ್ತುತಂದ ನೀಗ್ರೋ ಜನಾಂಗದ ಗಿಟಾರ್ ವಾದಕ ಲೆಸ್ಲಿ ರಿಡಲ್ ಬಹುಕಾಲ ಅಜ್ಞಾತರಾಗಿಯೇ ಉಳಿದರು. ಕಾರ್ಟರ್ ಕುಟುಂಬಕ್ಕಾದರೋ 1970ರಲ್ಲಿ ಕಂಟ್ರಿ ಸಂಗೀತದ ಕೀರ್ತಿಭವನದಲ್ಲಿ ಸ್ಥಾನ ದೊರೆಯಿತು. ಲಾಭವೂ ಕೀರ್ತಿಯೂ ಸಮನಾಗಿ ಹಂಚಿಕೆಯಾಗಲಿಲ್ಲವೆಂಬುದನ್ನು ಇತಿಹಾಸಕಾರನು ಮರೆಯತಕ್ಕದ್ದಲ್ಲ.

ಹೀಗೆಂದು ಕಾರ್ಟರ್ ಕುಟುಂಬದ ಸಾಧನೆಯನ್ನು ನಾವು ಅಲ್ಲಗಳೆಯುವುದಿಲ್ಲ. ಅವರ ಕಂಠವೂ ಕೈಚಳಕವೂ ಇಲ್ಲದಿದ್ದರೆ ಆ ಅಚ್ಚಿನ ಹಾಳೆ ಮೂಲೆ ಸೇರುತ್ತಿತ್ತು. ನಾವು ಹೇಳುವುದಿಷ್ಟೆ: ಜನಪ್ರಿಯತೆಯು ಕರ್ತೃವಿಲ್ಲದುದರ ಕುರುಹಲ್ಲ, ಹಲವು ಕರ್ತೃಗಳು ಒಬ್ಬರ ಹಿಂದೊಬ್ಬರು ಮರೆಯಾದುದರ ಫಲ. ಆದ್ದರಿಂದ ಹಾಡುಗಳನ್ನು ಸಂಗ್ರಹಿಸಹೊರಡುವ ವಿದ್ಯಾರ್ಥಿಗಳು ಪದಗಳ ಜೊತೆಗೆ ಹಾಡಿದವರ ಹೆಸರನ್ನೂ, ಅವರು ಅದನ್ನು ಯಾರಿಂದ ಕಲಿತರೆಂಬುದನ್ನೂ ತಪ್ಪದೆ ಬರೆದಿಡುವುದು ಯುಕ್ತ. ಹಾಡು ಹೇಗೋ ಉಳಿದೀತು. ಬರೆದಿಡದ ಹೆಸರು ಉಳಿಯಲಾರದು.