ಕಚ್ಚಾ ತೈಲದಲ್ಲಿ ಅಡಗಿದ ಮೇಣ

ಚಳಿಗಾಲದ ಬೆಳಗಿನಲ್ಲಿ ಶೀಷೆಯ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟುವುದನ್ನು ಯಾರು ತಾನೇ ಕಂಡಿಲ್ಲ? ಇಂತಹುದೇ ತೊಡಕು ನೂರಾರು ಕಿಲೋಮೀಟರು ಉದ್ದದ ಕೊಳವೆಯಲ್ಲಿ ಒದಗಿದರೆ ಗತಿಯೇನು?

ರಾಜಸ್ಥಾನದ ಬಾರ್ಮೇರ್ ಜಿಲ್ಲೆಯಲ್ಲಿ 2004ರಲ್ಲಿ ಪತ್ತೆಯಾದ ಮಂಗಳಾ ಕ್ಷೇತ್ರದ ಕಚ್ಚಾ ತೈಲದಲ್ಲಿ ಮೇಣದ ಅಂಶ ಹೆಚ್ಚು. ನೆಲದಾಳದ ಬಿಸುಪಿನಲ್ಲಿ ಕರಗಿದ್ದ ಈ ಮೇಣವು ತೈಲ ತಣಿದಂತೆಲ್ಲ ಹರಳುಗಟ್ಟುತ್ತದೆ. ಹರಿವು ನಿಂತರೆ ತೈಲವೆಲ್ಲ ಗಟ್ಟಿಯಾಗಬಲ್ಲದು. ಆದುದರಿಂದ ಗುಜರಾತಿನ ಕಡಲ ತೀರಕ್ಕೆ ಸಾಗುವ ಸುಮಾರು 670 ಕಿಲೋಮೀಟರುಗಳ ಕೊಳವೆಯನ್ನು ವಿದ್ಯುತ್ತಿನಿಂದ ಕಾಯಿಸಿ, ತೈಲವನ್ನು ಸುಮಾರು 65 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿಡುವ ಏರ್ಪಾಡನ್ನು ಮಾಡಿದ್ದಾರೆ.

ಎಲ್ಲೆಡೆಯೂ ಹೀಗೆ ಕಾಯಿಸುವುದು ಬಲು ದುಬಾರಿ. ಕಾಯಿಸದ ಕೊಳವೆಯಲ್ಲಿ ಮೇಣವು ಎಲ್ಲಿ, ಎಷ್ಟು ದಪ್ಪ ಕೂಡೀತೆಂಬುದನ್ನು ಗಣಿತದಿಂದ ಮುಂಗಾಣಬೇಕು. ಗೋಡೆಯು ನಡುವಿನ ತೈಲಕ್ಕಿಂತ ತಣ್ಣಗಿರುವುದರಿಂದ ಅಲ್ಲಿ ಮೇಣ ಹರಳಾಗಿ ಬೇರ್ಪಟ್ಟು, ಕರಗಿರುವ ಮೇಣ ಕಡಿಮೆಯಾಗುತ್ತದೆ. ಹೆಚ್ಚಿರುವೆಡೆಯಿಂದ ಕಡಿಮೆಯಿರುವೆಡೆಗೆ ಅಣುಗಳು ಸರಿಯುತ್ತವೆಂಬುದು 1855ರಲ್ಲಿ ಫಿಕ್ ಎಂಬ ವಿಜ್ಞಾನಿಯು ತಿಳಿಸಿದ ವಿಸರಣ ನಿಯಮ. ಅದರಂತೆ ಮೇಣದ ಅಣುಗಳು ಗೋಡೆಯತ್ತ ಸಾಗುತ್ತವೆ. ಎಂದರೆ, ಮೇಣ ಕೂಡುವುದಕ್ಕೆ ಬರಿಯ ತಂಪು ಸಾಲದು. ಉಷ್ಣತೆಯ ಅಂತರ ಬೇಕು. ತೈಲವೂ ಗೋಡೆಯೂ ಸಮನಾಗಿ ತಣಿದಿದ್ದರೆ ಹರಳುಗಳು ತೈಲದೊಡನೆ ತೇಲಿ ಸಾಗುತ್ತವೆಯೇ ಹೊರತು ಗೋಡೆಗೆ ಅಷ್ಟಾಗಿ ಅಂಟುವುದಿಲ್ಲ.

ಇನ್ನೊಂದು ಸ್ವಾರಸ್ಯವಿದೆ. ಕೂಡಿದ ಮೇಣವೇ ಕಂಬಳಿಯಂತೆ ಶಾಖವನ್ನು ತಡೆಯುವುದರಿಂದ, ಪದರವು ದಪ್ಪವಾದಂತೆ ಅದರ ಮೇಲ್ಮೈ ಬೆಚ್ಚಗಾಗಿ ಬೆಳವಣಿಗೆ ನಿಧಾನವಾಗುತ್ತದೆ. ಆದರೆ ಕಾಲ ಕಳೆದಂತೆ ಪದರವು ಗಡುಸಾಗುತ್ತದೆ. ತೈಲದ ಒತ್ತಡದಿಂದಲೇ ಮುಂದೊತ್ತಲ್ಪಡುವ ಬಿರಡೆಯಂತಹ ಸಾಧನವೊಂದು ಅದನ್ನು ಕೆರೆದು ತೆಗೆಯುತ್ತದೆ. ತಡವಾದರೆ ಆ ಸಾಧನವೇ ನಡುದಾರಿಯಲ್ಲಿ ಸಿಕ್ಕಿಕೊಂಡೀತು! ಪ್ರಯೋಗಶಾಲೆಯ ಚಿಕ್ಕ ಕೊಳವೆಗಳಲ್ಲಿ ಅಳೆದು ತಿದ್ದಿದ ಲೆಕ್ಕವು, ಕೆರೆಯುವ ಕಾಲ ಯಾವುದೆಂಬುದನ್ನು ಮುಂಚಿತವಾಗಿ ತಿಳಿಸುತ್ತದೆ.